ಹಿಮಕರಡಿಯ ಸೀಮೆಯಲ್ಲಿ ಹೆಗಲಿಗೊಂದು ರೈಫಲ್

‘ಚಪ್ಪಲಿ ಹೊರಗೆ ಬಿಡಿ’ ಎಂಬ ಫಲಕವನ್ನು ಎಲ್ಲರೂ ನೋಡಿರುತ್ತಾರೆ. ‘ಬಂದೂಕು ಒಳಗೆ ತರಬೇಡಿ’ ಎಂಬ ಫಲಕವನ್ನು ಅಂಗಡಿಯ ಬಾಗಿಲಲ್ಲಿ, ಬ್ಯಾಂಕಿನ ಬಾಗಿಲಲ್ಲಿ ನೋಡಬೇಕೆಂದರೆ ಲಾಂಗ್‌ಇಯರ್‌ಬಿಯನ್‌ಗೆ ಹೋಗಬೇಕು. ಅದು ಕಳ್ಳಕಾಕರ ಊರೇನಲ್ಲ. ಪುಸ್ತಕದ ಚೀಲ ಹೊತ್ತ ವಿದ್ಯಾರ್ಥಿಯೂ, ಪ್ರವಾಸಿಗರನ್ನು ಕರೆದೊಯ್ಯುವ ಮಾರ್ಗದರ್ಶಿಯೂ ಅಲ್ಲಿ ಊರಾಚೆಗೆ ಹೊರಟರೆ ಹೆಗಲಿಗೆ ರೈಫಲ್ ಏರಿಸಿಕೊಂಡೇ ಹೊರಡುತ್ತಾರೆ. ಕಾರಣ, ಹಿಮಕರಡಿ.

ನಾರ್ವೆಯ ಉತ್ತರಕ್ಕೆ, ಮಂಜಿನ ಸಮುದ್ರದ ನಡುವೆ ಇರುವ ದ್ವೀಪಗಳ ಗುಂಪಿಗೆ ಸ್ವಾಲ್ಬಾರ್ಡ್ ಎಂದು ಹೆಸರು. ಅದರ ಮುಖ್ಯ ಪಟ್ಟಣವೇ ಲಾಂಗ್‌ಇಯರ್‌ಬಿಯನ್. ನಕಾಶೆಯಲ್ಲಿ 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಹುಡುಕಿದರೆ ಸಿಗುತ್ತದೆ. ಅಲ್ಲಿಂದ ಉತ್ತರಧ್ರುವಕ್ಕೆ ಸುಮಾರು 1,300 ಕಿಲೋಮೀಟರ್ ಮಾತ್ರ! ಅಕ್ಟೋಬರ್ ತಿಂಗಳ ಕೊನೆಯಲ್ಲಿ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಫೆಬ್ರವರಿ ಮಧ್ಯದಲ್ಲಿ. ಬೇಸಿಗೆಯಲ್ಲಿ ನಾಲ್ಕು ತಿಂಗಳು ಅವನು ಮುಳುಗುವುದೇ ಇಲ್ಲ. ನಾರ್ವೆಯ ಭಾಷೆಯಲ್ಲಿ ‘ಬಿಯನ್’ ಎಂದರೆ ಪೇಟೆ. 1906ರಲ್ಲಿ ಇಲ್ಲಿ ಕಲ್ಲಿದ್ದಲ ಗಣಿ ತೆಗೆದ ಅಮೆರಿಕದ ಜಾನ್ ಮನ್ರೋ ಲಾಂಗ್‌ಇಯರ್ ಎಂಬಾತನ ಹೆಸರು ಊರಿಗೆ ಅಂಟಿಕೊಂಡಿತು. ನಾರ್ವೆಯ ಕೊನೆಯ ಗಣಿಯೂ 2025ರಲ್ಲಿ ಮುಚ್ಚಿತು. ಈಗ ಸುಮಾರು ಎರಡೂವರೆ ಸಾವಿರ ಜನರ ಈ ಊರು ನಡೆಯುತ್ತಿರುವುದು ಪ್ರವಾಸ, ಸಂಶೋಧನೆ ಮತ್ತು ಶಿಕ್ಷಣದಿಂದ.

ಒಂದು ಕಾಲದಲ್ಲಿ ಇಲ್ಲಿನ ಬೇಟೆಗಾರರು ಹಿಮಕರಡಿಗೆ ಒಂದು ಪೆಟ್ಟಿಗೆ ಒಡ್ಡುತ್ತಿದ್ದರು. ಪೆಟ್ಟಿಗೆಯೊಳಗೆ ಬಂದೂಕು, ಅದರ ಟ್ರಿಗರ್‌ಗೆ ಕಟ್ಟಿದ ದಾರ, ದಾರದ ತುದಿಯಲ್ಲಿ ಮಾಂಸದ ತುಂಡು. ಕರಡಿ ಮಾಂಸಕ್ಕೆ ಬಾಯಿ ಹಾಕಿ ಎಳೆದರೆ ಗುಂಡು ತಾನಾಗಿಯೇ ಹಾರುತ್ತಿತ್ತು. ಹಾರಿಸುವ ಮನುಷ್ಯ ಹತ್ತಿರ ಇರಬೇಕಾಗಿಯೇ ಇರಲಿಲ್ಲ! 1973ರಲ್ಲಿ ಇದೆಲ್ಲ ನಿಂತಿತು. ಆ ವರ್ಷದಿಂದ ಸ್ವಾಲ್ಬಾರ್ಡಿನಲ್ಲಿ ಹಿಮಕರಡಿ ಸಂರಕ್ಷಿತ ಪ್ರಾಣಿ. ಬೇಟೆಯಾಡುವಂತಿಲ್ಲ, ಬೆನ್ನಟ್ಟುವಂತಿಲ್ಲ, ತಿಂಡಿ ತೋರಿಸಿ ಕರೆಯುವಂತಿಲ್ಲ. 2025ರ ಜನವರಿಯಿಂದ ಕರಡಿಗೆ 300 ಮೀಟರಿಗಿಂತ ಹತ್ತಿರ ಹೋಗುವುದೂ ಅಪರಾಧ. ಮಾರ್ಚ್‌ನಿಂದ ಜೂನ್‌ವರೆಗೆ ಈ ಅಂತರ 500 ಮೀಟರ್.

ಆದರೆ ಕಾನೂನು ತಿಳಿದಿರುವುದು ಮನುಷ್ಯನಿಗೆ ಮಾತ್ರ, ಕರಡಿಗಲ್ಲ. ಗಂಡು ಹಿಮಕರಡಿಯೊಂದು ಐನೂರು ಕಿಲೋ ತೂಗಬಲ್ಲದು. ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 11 ಮೀಟರ್. ಐವತ್ತು ಮೀಟರ್ ದೂರದಲ್ಲಿರುವ ಕರಡಿ ಎದುರಿಗೆ ಬಂದು ನಿಲ್ಲಲು ಐದು ಸೆಕೆಂಡೂ ಬೇಡ. ಆದ್ದರಿಂದಲೇ, ಜನವಸತಿಯ ಹೊರಗೆ ಹೋಗುವವರು ಕರಡಿಯನ್ನು ಹೆದರಿಸಿ ಓಡಿಸುವ ಸಾಧನ ಇಟ್ಟುಕೊಂಡಿರಲೇಬೇಕೆಂದು ಅಲ್ಲಿಯ ಕಾನೂನು ಹೇಳುತ್ತದೆ. ಬಂದೂಕನ್ನೂ ಒಯ್ಯುವುದು ಒಳ್ಳೆಯದೆಂದು ಆಡಳಿತವೇ ಸಲಹೆ ಮಾಡುತ್ತದೆ. ಹೊರಗಿನಿಂದ ಬಂದವರು ಬಾಡಿಗೆಗೆ ಬಂದೂಕು ಪಡೆಯಬೇಕಾದರೆ ರಾಜ್ಯಪಾಲರ ಕಚೇರಿಯ ಅನುಮತಿ ಬೇಕು, ಇಲ್ಲವೆ ತಮ್ಮ ದೇಶದ ಪರವಾನಗಿ ಇರಬೇಕು.

ಬಾಗಿಲ ಚಿಲಕದಂಥ ಯಂತ್ರ

ಈ ಹಿಮದ ನಾಡಿನಲ್ಲಿ ಹೆಚ್ಚಾಗಿ ಕಾಣುವುದು ‘ಬೋಲ್ಟ್ ಆಕ್ಷನ್’ ಎಂಬ ಬಗೆಯ ರೈಫಲ್. ಹೆಸರು ದೊಡ್ಡದಾದರೂ ತತ್ವ ಸುಲಭ. ಮನೆಯ ಬಾಗಿಲಿನ ಚಿಲಕವನ್ನು ಹೇಗೆ ಎತ್ತಿ, ಎಳೆದು, ಮತ್ತೆ ತಳ್ಳಿ, ಕೆಳಗಿಳಿಸುತ್ತೇವೋ ಹಾಗೆಯೇ ಇದರ ಬೋಲ್ಟ್ ಕೆಲಸ ಮಾಡುತ್ತದೆ. ಎತ್ತಿ ಎಳೆದಾಗ ಖಾಲಿ ತೋಟಾ ಹೊರಗೆ ಹಾರುತ್ತದೆ. ತಳ್ಳಿದಾಗ ಹೊಸ ತೋಟಾ ನಳಿಗೆಯೊಳಗೆ ಸೇರುತ್ತದೆ. ಕೆಳಗಿಳಿಸಿದಾಗ ಉಕ್ಕಿನ ಗುಬಟುಗಳು ಕಚ್ಚಿಕೊಂಡು ಬಾಗಿಲು ಭದ್ರವಾಗುತ್ತದೆ. ಪ್ರತಿ ಗುಂಡಿಗೂ ಕೈಯೇ ಈ ಕೆಲಸ ಮಾಡಬೇಕು. ತಾನಾಗಿ ತುಂಬಿಕೊಳ್ಳುವ ಬಂದೂಕುಗಳಿಗಿಂತ ಇದು ನಿಧಾನ, ನಿಜ. ಆದರೆ ಚಲಿಸುವ ಭಾಗಗಳು ಕಡಿಮೆ. ಮೈನಸ್ 30 ಡಿಗ್ರಿ ಚಳಿಯಲ್ಲಿ ಕೆಡಲು ಭಾಗಗಳು ಕಡಿಮೆಯಿದ್ದಷ್ಟೂ ಒಳ್ಳೆಯದಲ್ಲವೇ?

ಇದರ ಶಕ್ತಿಯನ್ನೂ ತಿಳಿಯಬೇಕು. ಇಲ್ಲಿ ಸಾಮಾನ್ಯವಾಗಿ ಬಳಸುವ ‘ಥರ್ಟಿ ನಾಟ್ ಸಿಕ್ಸ್’ ತೋಟಾದ ಗುಂಡು ಹನ್ನೆರಡು ಗ್ರಾಂಗೂ ತುಸು ಕಡಿಮೆ. ನಳಿಗೆಯಿಂದ ಹೊರಬೀಳುವಾಗ ವೇಗ ಸೆಕೆಂಡಿಗೆ ಸುಮಾರು 820 ಮೀಟರ್. ಚಲನ ಶಕ್ತಿಯ ಸೂತ್ರ ಗೊತ್ತಿರುವ ಹೈಸ್ಕೂಲು ವಿದ್ಯಾರ್ಥಿ ಕಾಗದ ಪೆನ್ನು ಹಿಡಿದರೆ ಉತ್ತರ ನಾಲ್ಕು ಸಾವಿರ ಜೂಲ್‌ಗೆ ಹತ್ತಿರ ಬರುತ್ತದೆ. ಐವತ್ತು ಕಿಲೋದ ಸಿಮೆಂಟ್ ಮೂಟೆ ಎಂಟು ಮೀಟರ್ ಎತ್ತರದಿಂದ ಬಿದ್ದರೆ ಇಷ್ಟೇ ಶಕ್ತಿ. ಅದೂ ಬೆರಳ ತುದಿಯಷ್ಟು ಜಾಗದ ಮೇಲೆ! ಆಟದ ಸಾಮಾನಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಜ್ಜನ ಮೌಸರ್, ಮೊಮ್ಮಗನ ಟಿಕ್ಕಾ

ಸ್ವಾಲ್ಬಾರ್ಡಿನ ಹಳೆಯ ರೈಫಲ್‌ಗಳಿಗೆ ಇತಿಹಾಸವೂ ಅಂಟಿಕೊಂಡಿದೆ. ಎರಡನೆಯ ಮಹಾಯುದ್ಧದಲ್ಲಿ ನಾರ್ವೆಯನ್ನು ಆಕ್ರಮಿಸಿದ್ದ ಜರ್ಮನ್ ಸೇನೆ 1945ರಲ್ಲಿ ಶರಣಾದಾಗ ರಾಶಿ ರಾಶಿ ಮೌಸರ್ ರೈಫಲ್‌ಗಳನ್ನು ಬಿಟ್ಟುಹೋಯಿತು. ನೆಕ್ಕಾರ್ ನದಿಯ ದಂಡೆಯ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ 1898ರಲ್ಲಿ ರೂಪುಗೊಂಡ ಮಾದರಿಯ ಮುಂದಿನ ಪೀಳಿಗೆ ಅದು. ನಾರ್ವೆಯವರು ಅವುಗಳಲ್ಲಿ ಅನೇಕವನ್ನು ಅಮೆರಿಕದ ತೋಟಾಗೆ ಹೊಂದುವಂತೆ ಮಾರ್ಪಡಿಸಿದರು. ಯುದ್ಧಕ್ಕೆಂದು ಹುಟ್ಟಿದ ಯಂತ್ರ ಹೀಗೆ ಕರಡಿಕಾವಲಿಗೆ ನಿಂತಿತು. ನಾಲ್ಕು ಕಿಲೋ ತೂಕ, ಮರದ ಹಿಡಿ, ಹೆಚ್ಚು ನಾಜೂಕಿಲ್ಲ. ಆದರೆ ಬೋಲ್ಟ್‌ಗೆ ಅಂಟಿದ ದೊಡ್ಡ ಉಕ್ಕಿನ ಉಗುರು ತೋಟಾದ ಅಂಚನ್ನು ಗಟ್ಟಿಯಾಗಿ ಹಿಡಿದು ಒಳಗೆ ಒಯ್ಯುತ್ತದೆ, ಹೊರಗೆಳೆಯುತ್ತದೆ. ಇದು ಕೈಕೊಡದು ಎಂಬ ಭರವಸೆಯಿಂದಲೇ ಹಳಬರು ಅದನ್ನು ಬಿಡಲೊಲ್ಲರು.

ಹೊಸಬರ ಕೈಯಲ್ಲಿ ಈಗ ಫಿನ್ಲೆಂಡಿನ ಟಿಕ್ಕಾದಂಥ ಆಧುನಿಕ ರೈಫಲ್‌ಗಳಿವೆ. ರೀಹಿಮಾಕಿ ಎಂಬ ಊರಿನ ಸಾಕೋ ಕಾರ್ಖಾನೆ ಇದನ್ನು ತಯಾರಿಸುತ್ತದೆ. ತುಕ್ಕು ಹಿಡಿಯದ ಉಕ್ಕಿನ ನಳಿಗೆ, ಪ್ಲಾಸ್ಟಿಕ್ ಹಿಡಿ, ತೂಕ ಮೂರು ಕಿಲೋ ಆಸುಪಾಸು. ತೇವಕ್ಕೆ ಮರ ಉಬ್ಬುತ್ತದೆ, ಬಾಗುತ್ತದೆ; ಪ್ಲಾಸ್ಟಿಕ್ಕಿಗೆ ಆ ತಾಪತ್ರಯವಿಲ್ಲ. ಬೋಲ್ಟ್ ಬೆಣ್ಣೆಯಂತೆ ಜಾರುತ್ತದೆಂಬುದು ಇಟ್ಟುಕೊಂಡವರ ಮೆಚ್ಚುಗೆ. ಅಂಗಡಿಯಿಂದ ತಂದ ದಿನವೇ ಗುರಿ ತಪ್ಪದು ಎಂಬುದು ಇನ್ನೊಂದು.

ದೂರುಗಳೂ ಇಲ್ಲದಿಲ್ಲ. ರೈಫಲ್ ಹಗುರವಾದಷ್ಟೂ ಭುಜಕ್ಕೆ ಬೀಳುವ ಒದೆತ ಹೆಚ್ಚು. ನ್ಯೂಟನ್ನನ ಮೂರನೆಯ ನಿಯಮವನ್ನು ಯಾವ ಕಾರ್ಖಾನೆಯೂ ತಿದ್ದಲಾರದು. ಹಳೆಯ ಮೌಸರ್‌ನಲ್ಲಿ ತೋಟಾಗಳ ಗೂಡು ರೈಫಲ್‌ನ ಅಂಗವೇ ಆಗಿತ್ತು. ಹೊಸದರಲ್ಲಿ ಅದು ಬಿಡಿ ಡಬ್ಬಿ. ಮರಗಟ್ಟಿದ ಬೆರಳಿನಿಂದ ಜಾರಿ ಹಿಮದಲ್ಲಿ ಬಿದ್ದರೆ ಹುಡುಕುವುದು ಹೇಗೆ?

ದೂರದ ಕೆನಡಾದ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿಯ ಉತ್ತರದ ಹಳ್ಳಿಗಳಲ್ಲಿ ಗಸ್ತು ತಿರುಗುವ ‘ರೇಂಜರ್’ಗಳು 1940ರ ದಶಕದಿಂದ ಲೀ ಎನ್‌ಫೀಲ್ಡ್ ಎಂಬ ಬೋಲ್ಟ್ ಆಕ್ಷನ್ ರೈಫಲ್ ಬಳಸುತ್ತಿದ್ದರು. 2010ರ ದಶಕದ ಕೊನೆಯಲ್ಲಿ ಅದನ್ನು ಬದಲಿಸುವಾಗ ಸರ್ಕಾರ ಆರಿಸಿಕೊಂಡದ್ದು ಮತ್ತೆ ಬೋಲ್ಟ್ ಆಕ್ಷನ್ ಅನ್ನೇ. ಅದೂ ಸಾಕೋ ಕಂಪನಿಯದೇ ವಿನ್ಯಾಸ. ಕೈಗವಸು ತೊಟ್ಟೇ ಹಿಡಿಯಲು ಅನುಕೂಲವಾಗುವಂತೆ ಬೋಲ್ಟ್‌ನ ಹಿಡಿಯನ್ನೂ ಟ್ರಿಗರ್‌ನ ಸುತ್ತಿನ ಬಳೆಯನ್ನೂ ದೊಡ್ಡದು ಮಾಡಿದರು. ಎಂಬತ್ತು ವರ್ಷಗಳಲ್ಲಿ ಬದಲಾದದ್ದು ಲೋಹ ಮತ್ತು ಹಿಡಿ, ಚಿಲಕದ ತತ್ವವಲ್ಲ.

ಚಳಿ ಕಲಿಸುವ ವಿಜ್ಞಾನ

ಸ್ವಾಲ್ಬಾರ್ಡಿನಲ್ಲಿ ಬಂದೂಕು ಇಟ್ಟುಕೊಂಡವರು ಮೊದಲು ಕಲಿಯುವುದು ಗುರಿ ಇಡುವುದನ್ನಲ್ಲ, ಅದನ್ನು ಎಲ್ಲಿ ಇಡಬೇಕು ಎಂಬುದನ್ನು. ಹೊರಗೆ ಮೈನಸ್ 20, ಗುಡಿಸಲಿನೊಳಗೆ ಒಲೆಯ ಬೆಚ್ಚನೆ 20 ಡಿಗ್ರಿ. ತಣ್ಣಗಿನ ರೈಫಲನ್ನು ಒಳಗೆ ತಂದರೆ ಏನಾಗುತ್ತದೆ? ಐಸ್ ನೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದಿಲ್ಲವೇ? ಹಾಗೆಯೇ ಕೋಣೆಯ ನೀರಾವಿ ಉಕ್ಕಿನ ಮೇಲೆ, ಬೋಲ್ಟ್‌ನ ಸಂದಿಗೊಂದಿಗಳಲ್ಲಿ ಹನಿಯಾಗಿ ಕೂರುತ್ತದೆ. ಮತ್ತೆ ಹೊರಗೆ ಒಯ್ದರೆ ಆ ಹನಿ ಮಂಜುಗಡ್ಡೆಯಾಗುತ್ತದೆ. ಬೇಕಾದ ಹೊತ್ತಿನಲ್ಲಿ ಒಳಗಿನ ಕಡ್ಡಿ ಮುಂದೆ ಚಿಮ್ಮುವುದೇ ಇಲ್ಲ. ಅದಕ್ಕೇ ಪ್ರವಾಸದಲ್ಲಿದ್ದಾಗ ರೈಫಲನ್ನು ಬಿಸಿಯಿಲ್ಲದ ಹೊರಗಿನ ಕೋಣೆಯಲ್ಲೇ ಇಡುತ್ತಾರೆ.

ಎಣ್ಣೆಯ ಪಾಠವೂ ಹೀಗೆಯೇ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಹೆಪ್ಪುಗಟ್ಟುವುದು ಎಲ್ಲರ ಮನೆಯ ಅನುಭವ. ಬೆಚ್ಚನೆಯ ದೇಶದಲ್ಲಿ ಬಂದೂಕನ್ನು ಕಾಪಾಡುವ ಎಣ್ಣೆ ಇಲ್ಲಿ ಅಂಟಾಗಿ ಅದನ್ನೇ ಕೆಡಿಸುತ್ತದೆ. ಆದ್ದರಿಂದ ಎಣ್ಣೆಯನ್ನು ಒರೆಸಿ ತೆಗೆದು ಬಹುಮಟ್ಟಿಗೆ ಒಣಗಿಸಿಯೇ ಒಯ್ಯುತ್ತಾರೆ. ನಳಿಗೆಯೊಳಗೆ ಹಿಮ ಸೇರದಂತೆ ಅದರ ಬಾಯಿಗೆ ಅಂಟುಪಟ್ಟಿ ಹಚ್ಚುವುದೂ ಉಂಟು.

ತರಗತಿಗೆ ಮುಂಚಿನ ತರಗತಿ

1993ರಲ್ಲಿ ಲಾಂಗ್‌ಇಯರ್‌ಬಿಯನ್‌ನಲ್ಲಿ ವಿಶ್ವವಿದ್ಯಾಲಯ ಕೇಂದ್ರವೊಂದು ಆರಂಭವಾಯಿತು. ಭೂವಿಜ್ಞಾನ, ಜೀವವಿಜ್ಞಾನ, ಭೂಭೌತವಿಜ್ಞಾನ ಕಲಿಯಲು ನಾನಾ ದೇಶಗಳ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಾರೆ. ಬಂದವರಿಗೆ ಮೊದಲು ಸುರಕ್ಷತೆಯ ಶಿಕ್ಷಣ. ಹಿಮನದಿಯ ಬಿರುಕು, ತಣ್ಣೀರಿನ ಅಪಾಯ, ಪ್ರಥಮ ಚಿಕಿತ್ಸೆ, ಜೊತೆಗೆ ರೈಫಲ್. ತೋಟಾ ತುಂಬುವುದು, ತೆಗೆಯುವುದು, ನಳಿಗೆ ಖಾಲಿಯಿದೆಯೆಂದು ಇನ್ನೊಬ್ಬರಿಗೆ ತೋರಿಸುವುದು, ಇವನ್ನು ಕೈಗೆ ಅಭ್ಯಾಸವಾಗುವವರೆಗೆ ಮಾಡಿಸುತ್ತಾರೆ. ನಡೆಯುವಾಗ ತೋಟಾಗಳು ಗೂಡಿನಲ್ಲಿರಬೇಕು, ನಳಿಗೆ ಖಾಲಿಯಿರಬೇಕು. ಊರೊಳಗೆ ತುಂಬಿದ ಬಂದೂಕು ಒಯ್ಯುವುದಂತೂ ನಿಷಿದ್ಧ.

ಅದಕ್ಕಿಂತ ಮುಖ್ಯವಾಗಿ ಕಲಿಸುವುದು ಗುಂಡು ಹಾರಿಸದೆ ಪಾರಾಗುವುದನ್ನು. ಸುತ್ತ ನೋಡುತ್ತಲೇ ಇರಬೇಕು. ದೂರದಲ್ಲಿ ಕರಡಿ ಕಂಡರೆ ಹಿಂದಿರುಗಬೇಕು. ಹತ್ತಿರ ಬಂದರೆ ಬೆಳಕು ಮತ್ತು ಸದ್ದಿನ ಸಿಡಿತ ಹಾರಿಸುವ ಪಿಸ್ತೂಲಿನಿಂದ ಬೆದರಿಸಬೇಕು. ರೈಫಲ್ ಬೇರೆ ದಾರಿಯೇ ಇಲ್ಲದಾಗ. ಕರಡಿಯೊಂದು ಗುಂಡಿಗೆ ಬಲಿಯಾದರೆ ಪ್ರತಿ ಬಾರಿಯೂ ರಾಜ್ಯಪಾಲರ ಕಚೇರಿ ತನಿಖೆ ನಡೆಸುತ್ತದೆ. ಅದು ತಪ್ಪಿಸಬಹುದಾಗಿದ್ದ ಸಾವೇ ಎಂಬ ಪ್ರಶ್ನೆಗೆ ಬಂದೂಕು ಹಿಡಿದವರು ಉತ್ತರ ಕೊಡಬೇಕು.

ಎಚ್ಚರಿಕೆಯ ಬೆಲೆ ಏನೆಂಬುದನ್ನು 2011ರ ಆಗಸ್ಟ್ ತಿಂಗಳು ತೋರಿಸಿತು. ಬ್ರಿಟನ್ನಿನ ವಿದ್ಯಾರ್ಥಿಗಳ ತಂಡವೊಂದು ಹಿಮನದಿಯ ಬಳಿ ಗುಡಾರ ಹಾಕಿತ್ತು. ಬೆಳಗಿನ ಜಾವ ಕರಡಿ ನುಗ್ಗಿತು. ಸುತ್ತ ಕಟ್ಟಿದ್ದ ಎಚ್ಚರಿಕೆಯ ತಂತಿ ಸಿಡಿಯಲಿಲ್ಲ. ತಂಡದ ಮುಖಂಡ ಹಳೆಯ ಮೌಸರ್ ಎತ್ತಿ ಬೋಲ್ಟ್ ಎಳೆದು ಹೊಡೆಯಲೆತ್ನಿಸಿದರೂ ನಾಲ್ಕು ತೋಟಾಗಳು ಸಿಡಿಯದೆಯೇ ನೆಲಕ್ಕೆ ಬಿದ್ದವು. ಕೊನೆಗೆ ಬಿದ್ದಿದ್ದ ತೋಟಾ ಒಂದನ್ನು ಹೆಕ್ಕಿ ತುಂಬಿ ಹೊಡೆದಾಗ ಕರಡಿ ಸತ್ತಿತು. ಅಷ್ಟರಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಪ್ರಾಣ ಕಳೆದುಕೊಂಡಿದ್ದ, ನಾಲ್ವರು ಗಾಯಗೊಂಡಿದ್ದರು.

ವಿಚಾರಣೆಯಲ್ಲಿ ಚರ್ಚೆಗೆ ಬಂದ ಅಂಶಗಳಲ್ಲಿ ಮೌಸರ್‌ನ ಸೇಫ್ಟಿ ಕೀಲಿಯೂ ಒಂದು. ಅದಕ್ಕೆ ಮೂರು ಸ್ಥಾನಗಳಿವೆ. ಒಂದು ಕಡೆ ಇದ್ದರೆ ಗುಂಡು ಹಾರುತ್ತದೆ. ಇನ್ನೊಂದು ಕಡೆ ಇದ್ದರೆ ಬೋಲ್ಟೂ ಕದಲದು. ನಡುವಿನ ಸ್ಥಾನದಲ್ಲಿ ಬೋಲ್ಟ್ ಚೆನ್ನಾಗಿಯೇ ಓಡಾಡುತ್ತದೆ, ಆದರೆ ಗುಂಡು ಹಾರುವುದಿಲ್ಲ! ತೋಟಾವನ್ನು ಅಪಾಯವಿಲ್ಲದೆ ಹೊರತೆಗೆಯಲೆಂದೇ ಮಾಡಿದ ಅನುಕೂಲ ಅದು. ಅದನ್ನು ಬಲ್ಲ ಕೈಗೆ ಅದು ರಕ್ಷೆ. ಕರಡಿ ಮೈಮೇಲೆ ಬಿದ್ದ ಗಳಿಗೆಯಲ್ಲಿ ಅದೇ ಕೀಲಿ ನಡುವೆ ನಿಂತಿದ್ದರೆ ಮೃತ್ಯು. ಹೊಸ ಟಿಕ್ಕಾದಲ್ಲಿ ಸೇಫ್ಟಿಗೆ ಎರಡೇ ಸ್ಥಾನ. ಆದರೂ ಯಂತ್ರ ಸರಳವಾದ ಮಾತ್ರಕ್ಕೆ ಅಭ್ಯಾಸ ಬೇಡವೆಂದಲ್ಲ.

ಹಿಮಾದ್ರಿಯ ಬಾಗಿಲಿಗೆ ಬೀಗವಿಲ್ಲ

ಲಾಂಗ್‌ಇಯರ್‌ಬಿಯನ್‌ನಿಂದ ಇನ್ನೂ ಉತ್ತರಕ್ಕೆ ಹೋದರೆ ನ್ಯೂ ಆಲೆಸುಂಡ್ ಎಂಬ ಪುಟ್ಟ ಸಂಶೋಧನಾ ಗ್ರಾಮ ಸಿಗುತ್ತದೆ. ಭಾರತದ ‘ಹಿಮಾದ್ರಿ’ ಕೇಂದ್ರ 2008ರ ಜುಲೈನಿಂದ ಇರುವುದು ಅಲ್ಲಿಯೇ. ಈ ಗ್ರಾಮದಲ್ಲಿ ಮನೆಗಳ ಬಾಗಿಲಿಗೆ ಬೀಗ ಹಾಕುವುದಿಲ್ಲ. ಕರಡಿ ಕಂಡು ಓಡಿಬಂದವರು ಯಾರ ಮನೆಗಾದರೂ ನುಗ್ಗುವಂತಿರಬೇಕು! ಊರಾಚೆ ಕೆಲಸಕ್ಕೆ ಹೋಗುವ ವಿಜ್ಞಾನಿಗಳಿಗೆ ರೈಫಲ್ ತರಬೇತಿ ಉಂಟು.

2023ರ ಡಿಸೆಂಬರಿನಲ್ಲಿ ಭಾರತ ಮೊದಲ ಬಾರಿಗೆ ಆರ್ಕ್‌ಟಿಕ್‌ನ ಚಳಿಗಾಲಕ್ಕೂ ತಂಡ ಕಳಿಸಿತು. ಆ ಮೊದಲ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಇತ್ತು. ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿದ ಕಾಲದ ಕ್ಷೀಣ ರೇಡಿಯೋ ಸಂಕೇತ ಹಿಡಿಯಲು ಆ ನಿರ್ಜನ ಪ್ರದೇಶ ತಕ್ಕುದೇ ಎಂದು ಪರೀಕ್ಷಿಸುವುದು ಅವರ ಕೆಲಸ. ಕೋಟಿ ಕೋಟಿ ವರ್ಷಗಳ ಹಿಂದಿನ ಬೆಳಕಿನ ಕಥೆ ಅರಸಿ ಹೋದವರೂ ಅಲ್ಲಿ ಕತ್ತಲಲ್ಲಿ ಕರಡಿಯ ನೆರಳಿಗೆ ಕಣ್ಣಿಡಬೇಕು.

1971ರಿಂದ 2020ರವರೆಗೆ ಸ್ವಾಲ್ಬಾರ್ಡಿನಲ್ಲಿ ಹಿಮಕರಡಿಗೆ ಬಲಿಯಾದವರು ಆರು ಮಂದಿ. ಸಾವಿರಾರು ಜನ ಓಡಾಡುವ ಸೀಮೆಯಲ್ಲಿ ಇಷ್ಟು ಕಡಿಮೆ ಎಂದರೆ ಅದರ ಶ್ರೇಯಸ್ಸು ಬಂದೂಕಿಗಿಂತ ಕಣ್ಣಿಗೆ, ಕಿವಿಗೆ, ಹಿಂದಿರುಗುವ ವಿವೇಕಕ್ಕೆ ಸಲ್ಲಬೇಕು. ಹೆಗಲ ಮೇಲಿನ ರೈಫಲನ್ನು ವರ್ಷಗಟ್ಟಲೆ ಹೊತ್ತು, ಒರೆಸಿ, ಒಣಗಿಸಿ, ಒಮ್ಮೆಯೂ ಕರಡಿಯತ್ತ ಹಾರಿಸದೆ ಊರಿಗೆ ಮರಳುವುದೇ ಅಲ್ಲಿ ಬಂದೂಕುದಾರನ ಹೆಮ್ಮೆ.