ಜೇಬಿನಲ್ಲಿ ಬಸ್ ಪಾಸು, ಕಣ್ಣಲ್ಲಿ ಬ್ಯಾಂಕಾಕು!

ಥಾಯ್ಲೆಂಡಿಗೆ ಹೋಗಬೇಕು. ಹದಿನೈದು ದಿನ ಹಾಯಾಗಿ ಇರಬೇಕು. ಬೆಳಗ್ಗೆ ಎದ್ದರೆ ಸಮುದ್ರ, ಮಧ್ಯಾಹ್ನ ತೆಂಗಿನ ಮರದ ನೆರಳು, ಸಂಜೆಗೆ ಉದ್ದ ಮೂತಿಯ ದೋಣಿ... ಇದು ನನ್ನ ಬಹುದಿನದ ಕನಸು.

ನಗಬೇಡಿ ಸ್ವಾಮಿ! ಪಿಯುಸಿಯನ್ನು ಅರ್ಧಕ್ಕೇ ಬಿಟ್ಟು ಬೆಂಗಳೂರಿಗೆ ಬಂದು, ಒಂದು ಲೇಖನಕ್ಕೆ ಇಷ್ಟು ಎಂದು ಎಣಿಸಿಕೊಂಡು ಬದುಕುವ ಪತ್ರಕರ್ತನಿಗೆ ರಜೆಗೇನು ಬರವಿಲ್ಲ. ಬರೆಯದ ದಿನವೆಲ್ಲ ರಜೆಯೇ. ಆ ರಜೆಗೆ ಸಂಬಳವಿಲ್ಲ, ಅಷ್ಟೆ. ಇಂಥವನ ಬಾಯಲ್ಲಿ ಫುಕೆಟ್, ಕ್ರಾಬಿ ಎಂಬ ಹೆಸರು ಬಂದರೆ ರೂಮಿನ ಗೆಳೆಯರು, "ದೊರೆಗಳು ಮೊದಲು ಈ ತಿಂಗಳ ಬಾಡಿಗೆ ಕೊಡೋಣವಾಗಲಿ" ಅಂತಾರೆ. ಅವರು ಹೇಳೋದೂ ಸರಿಯೇ. ಆದರೆ ಕನಸು ಬಾಡಿಗೆ ಕೇಳುವುದಿಲ್ಲವಲ್ಲ!

ಈ ಹುಚ್ಚು ಹಿಡಿಸಿದ್ದು ಬೇರೆ ಯಾರೂ ಅಲ್ಲ, ಸಾಕ್ಷಾತ್ ಕನ್ನಡ ಸಿನಿಮಾ. 1978ರಲ್ಲಿ ಬಂದ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ನಿಮಗೆ ಗೊತ್ತೇ ಇದೆ. ವಿಷ್ಣು, ದ್ವಾರಕೀಶ್, ಮಂಜುಳಾ, ನಿರ್ದೇಶನ ಸಿ.ವಿ. ರಾಜೇಂದ್ರನ್; ಸಂಗೀತ ರಾಜನ್-ನಾಗೇಂದ್ರ. ಪರದೇಶದಲ್ಲಿ ಷೂಟಿಂಗ್ ಆದ ಮೊದಲ ಕನ್ನಡ ಚಿತ್ರ ಎಂದೇ ಅದಕ್ಕೆ ಹೆಸರು. ಅದು ತೆರೆಗೆ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಹಿರಿಯೂರಿನ ನಮ್ಮ ಸೋದರಮಾವನ ಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ನೋಡಿದ್ದು. ಪಕ್ಕದಲ್ಲಿ ಕೂತವನು ನನ್ನ ಜೀವದ ಗೆಳೆಯ. ನಾನು ಕೊಂಚ ಎತ್ತರ, ಅವನು ಗಿಡ್ಡ. ಅಂದಿನಿಂದ ಬೀದಿಯವರೆಲ್ಲ ನನ್ನನ್ನು ರಾಜ, ಅವನನ್ನು ಕುಳ್ಳ ಎಂದೇ ಕರೆದರು. "ಲೋ ರಾಜ, ನಾವೂ ಒಂದಿನ ಫಾರಿನ್‌ಗೆ ಹೋಗ್ಬೇಕು ಕಣೋ" ಎಂದು ಅವನಂದ. ಅಂದು ಹಿಡಿದ ಹುಚ್ಚು ಇಂದಿಗೂ ಇಳಿದಿಲ್ಲ.

ಕ್ಯಾಮೆರಾ ಹುಡುಕಿದ ಬಂಡೆ

ಸಿಂಗಪುರದಲ್ಲಿ ಹುಟ್ಟಿದ ಕನಸು ಥಾಯ್ಲೆಂಡಿನ ಕಡೆ ತಿರುಗಿದ್ದು ಜೇಮ್ಸ್ ಬಾಂಡ್‌ನಿಂದ. 1974ರ 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್' ಚಿತ್ರದಲ್ಲಿ ರೋಜರ್ ಮೂರ್ ಹೀರೋ, ಕ್ರಿಸ್ಟೋಫರ್ ಲೀ ಖಳನಾಯಕ. ಖಳನಾಯಕನ ಅಡಗುತಾಣದ ಎದುರು, ನೀರಿನ ನಡುವೆ ಮೊಳೆ ಹೊಡೆದಂತೆ ನಿಂತ ಒಂದು ಬಂಡೆ! ಎತ್ತರ ಸುಮಾರು 20 ಮೀಟರು. ಬುಡ ಸಣ್ಣ, ತಲೆ ದಪ್ಪ. ಕಥೆಯ ಪ್ರಕಾರ ಆ ದ್ವೀಪವಿರುವುದು ಚೀನಾದ ಸಮುದ್ರದಲ್ಲಿ. ನಿಜಕ್ಕೂ ಅದು ಥಾಯ್ಲೆಂಡಿನ ಫಾಂಗ್ ಙಾ ಕೊಲ್ಲಿಯ ಖಾವ್ ಫಿಂಗ್ ಕಾನ್ ದ್ವೀಪ. ಈಗ ಆ ಹೆಸರು ಹೇಳುವವರು ಕಡಿಮೆ. 'ಜೇಮ್ಸ್ ಬಾಂಡ್ ದ್ವೀಪ' ಎಂದರೆ ದೋಣಿಯವರು ನೇರ ಅಲ್ಲಿಗೇ ಬಿಡುತ್ತಾರೆ. ಬಂಡೆಯ ಬುಡ ಸವೆಯಬಾರದೆಂದು ದೋಣಿಗಳನ್ನು ಅದರ ಹತ್ತಿರ ಮಾತ್ರ ಬಿಡುವುದಿಲ್ಲವಂತೆ.

ಇದಾದ ಮೇಲೆ ನೋಡಿದ್ದು 2000ದ 'ದಿ ಬೀಚ್'. ಹೀರೋ ಲಿಯೊನಾರ್ಡೊ ಡಿಕಾಪ್ರಿಯೊ. ಅದರಲ್ಲಿ ಬರುವ ಸ್ವರ್ಗದಂಥ ತೀರ ಫಿ ಫಿ ಲೇ ದ್ವೀಪದ ಮಾಯಾ ಕೊಲ್ಲಿ. ಹೆಸರು ಕೇಳಿದರೆ ನಮ್ಮವರೇ ಇಟ್ಟಂತಿದೆ! ಆದರೆ ಅಷ್ಟು ಚೆಲುವಾದ ತೀರವೂ ನಿರ್ದೇಶಕರಿಗೆ ಸಾಲಲಿಲ್ಲ. ಮರಳ ದಿಬ್ಬ ಕಡಿದರು, ಇನ್ನಷ್ಟು ತೆಂಗಿನ ಗಿಡ ತಂದು ನೆಟ್ಟರು. ಊರಿನವರು ಕೋರ್ಟಿಗೆ ಹೋದರು. ಚಿತ್ರ ಬಂದ ಮೇಲೆ ಜನ ಮುಗಿಬಿದ್ದರು ನೋಡಿ... ಕಡೆಕಡೆಗೆ ದಿನಕ್ಕೆ 5,000 ಮಂದಿಯವರೆಗೆ! ದೋಣಿಗಳ ಲಂಗರು ಬಿದ್ದು ಹವಳ ನಾಶವಾಯಿತು. 2018ರ ಜೂನಿನಲ್ಲಿ ಸರ್ಕಾರ ತೀರಕ್ಕೆ ಬೀಗ ಹಾಕಿತು. ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಜನ ಇಲ್ಲದ ಆ ಮೂರೂವರೆ ವರ್ಷದಲ್ಲಿ ಕಪ್ಪು ರೆಕ್ಕೆಯ ಶಾರ್ಕ್ ಮೀನುಗಳು ತಾವಾಗಿಯೇ ವಾಪಸು ಬಂದವು.

ಈ ಸುದ್ದಿ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆ 5,000 ಮಂದಿಯಲ್ಲಿ ಒಬ್ಬನಾಗಬೇಕೆಂದೇ ಅಲ್ಲವೇ ನಾನೂ ಕನಸು ಕಂಡಿದ್ದು?

ಸಿನಿಮಾ ಬದಲಿಸಿದ ನದಿ

ಇನ್ನೊಂದು ಕೇಳಿ. 1957ರ 'ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್', ಡೇವಿಡ್ ಲೀನ್ ನಿರ್ದೇಶನ, 7 ಆಸ್ಕರ್ ಪ್ರಶಸ್ತಿ. ಕಥೆ ನಡೆಯುವುದು ಥಾಯ್ಲೆಂಡಿನಲ್ಲಿ, ಷೂಟಿಂಗ್ ನಡೆದದ್ದು ಶ್ರೀಲಂಕಾದಲ್ಲಿ! ನಿಜವಾದ ಸೇತುವೆ ಥಾಯ್ಲೆಂಡಿನ ಕಾಂಚನಾಬುರಿಯಲ್ಲಿದೆ. ಆದರೆ ಅದರ ಕೆಳಗೆ ಹರಿಯುತ್ತಿದ್ದ ನದಿಯ ಹೆಸರು ಮೇ ಕ್ಲಾಂಗ್. ಸಿನಿಮಾ ನೋಡಿ ಬಂದವರೆಲ್ಲ "ಕ್ವಾಯ್ ಎಲ್ಲಿ, ಕ್ವಾಯ್ ಎಲ್ಲಿ" ಎಂದು ಕೇಳುತ್ತಿದ್ದರಿಂದ, 1960ರ ದಶಕದಲ್ಲಿ ಆ ಭಾಗದ ನದಿಗೆ ಖ್ವೇ ಯಾಯ್ ಎಂದು ಹೆಸರನ್ನೇ ಬದಲಿಸಿಬಿಟ್ಟರು. ಸಿನಿಮಾದ ತಾಕತ್ತು ಅಂದರೆ ಇದು ಗುರುವೇ!

ಆದರೆ ಆ ಸೇತುವೆಯ ಅಸಲು ಕಥೆ ಪರದೆಯ ಮೇಲೆ ಪೂರ್ತಿ ಬರಲಿಲ್ಲ. 1942-43ರಲ್ಲಿ ಜಪಾನಿನವರು ಬರ್ಮಾಕ್ಕೆ 415 ಕಿಲೋಮೀಟರಿನ ರೈಲು ಹಾದಿ ಹಾಕಿಸಿದರು. ಸುಮಾರು 12,000 ಯುದ್ಧ ಕೈದಿಗಳು ಸತ್ತರು. ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಸತ್ತವರು ಏಷ್ಯಾದ ಬಡ ಕೂಲಿಗಳು. ಅವರಲ್ಲಿ ಮಲಯಾದ ರಬ್ಬರ್ ತೋಟಗಳ ತಮಿಳರೂ ಬಹಳ. "ಒಳ್ಳೆ ಕೂಲಿ, ನಾಲ್ಕಾರು ತಿಂಗಳ ಕೆಲಸ" ಎಂದು ಆಸೆ ತೋರಿಸಿ ಕರೆದೊಯ್ದರು. ಬಾರದವರನ್ನು ಎಳೆದೊಯ್ದರು. ಸಿನಿಮಾದಲ್ಲಿ ಶಿಳ್ಳೆ ಹೊಡೆಯುತ್ತ ಸಾಲಾಗಿ ಬರುವ ಸಿಪಾಯಿಗಳಿದ್ದಾರೆ. ಈ ಕೂಲಿಗಳನ್ನು ಹುಡುಕಬೇಕು.

ಬಿಟ್ಟಿ ಟಿಕೇಟು

ಹಳೇ ಕಥೆ ಯಾಕೆ ಎತ್ತಿದೆ ಅಂತೀರಾ? ಅದೇ ಗಡಿಯಲ್ಲಿ, ಅದೇ ಸುಳ್ಳು ಇವತ್ತಿಗೂ ನಡೆಯುತ್ತಿದೆ. ಈ ಸಲ ಅದು ನಮ್ಮ ಕುಳ್ಳನ ಬಾಗಿಲಿಗೇ ಬಂದಿತ್ತು.

ಕುಳ್ಳನೂ ಈಗ ಬೆಂಗಳೂರಿನಲ್ಲೇ ಇದ್ದಾನೆ. ಗಾಂಧಿನಗರ ಸುತ್ತುತ್ತಾನೆ. ಮದುವೆ ಮನೆ ಸೀನಿನಲ್ಲಿ ಊಟಕ್ಕೆ ಕೂತವರ ಮೂರನೇ ಸಾಲು, ಕೋರ್ಟ್ ಸೀನಿನಲ್ಲಿ ಹಿಂದಿನ ಬೆಂಚು... ಅವನನ್ನು ನೀವು ನೋಡಿರುತ್ತೀರಿ, ಗಮನಿಸಿರುವುದಿಲ್ಲ. 2025ರ ಜನವರಿ ಕೊನೆಯಲ್ಲಿ ಅವನ ಫೋನಿಗೆ ಒಬ್ಬ ಏಜೆಂಟನ ಸಂದೇಶ ಬಂತು. ಬ್ಯಾಂಕಾಕಿನಲ್ಲಿ 20 ದಿನ ಷೂಟಿಂಗ್, ಹೀರೋನ ಸ್ನೇಹಿತನ ಪಾತ್ರ, ವಿಮಾನದ ಟಿಕೇಟು ಬಿಟ್ಟಿ, ಹೋಟೆಲು ಬಿಟ್ಟಿ! ರಾತ್ರಿ ಹನ್ನೊಂದಕ್ಕೆ ರೂಮಿಗೆ ಓಡಿ ಬಂದ. ಕೈಯಲ್ಲಿ ಕಾಲು ಕೇಜಿ ಮೈಸೂರ್ ಪಾಕು.

"ಲೋ ರಾಜ, ಹೊರಟೆ ಕಣೋ!"

ನಾನು ಮೈಸೂರ್ ಪಾಕು ಮುಟ್ಟಲಿಲ್ಲ. ಆ ತಿಂಗಳು ಪತ್ರಿಕೆಗಳಲ್ಲೆಲ್ಲ ವಾಂಗ್ ಶಿಂಗ್ ಎಂಬ ಚೀನೀ ನಟನ ಸುದ್ದಿ ಬಂದಿತ್ತು. ಅವನನ್ನೂ ಸಿನಿಮಾದ ಅವಕಾಶ ಎಂದೇ ಬ್ಯಾಂಕಾಕಿಗೆ ಕರೆಸಿಕೊಂಡಿದ್ದರು. ವಿಮಾನ ನಿಲ್ದಾಣದಿಂದ ಕಾರು ನೇರ ಹೋದದ್ದು ಗಡಿಯ ಮೇ ಸೋತ್ ಊರಿಗೆ. ಮೋಯಿ ನದಿ ದಾಟಿದರೆ ಬರ್ಮಾದ ಮ್ಯಾವಡ್ಡಿ. ಅಲ್ಲಿರುವುದು ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಊರ ಜನಕ್ಕೆಲ್ಲ ಟೋಪಿ ಹಾಕಿಸುವ ಕೋಟೆಗಳು. ಜನವರಿ 3ಕ್ಕೆ ಮಾಯವಾದ ನಟ 7ರಂದು ಸಿಕ್ಕಾಗ ತಲೆ ಬೋಳಿಸಿದ್ದರು. ಅವನ ಪ್ರೇಯಸಿ ಲೋಕಕ್ಕೆಲ್ಲ ಕೇಳುವಂತೆ ಕೂಗಿದ್ದರಿಂದ ಬಚಾವಾದ. ನಮ್ಮ ಕುಳ್ಳನಿಗಾಗಿ ಕೂಗುವವರು ಯಾರು?

ಇದನ್ನೆಲ್ಲ ಹೇಳಿದೆ. ಕುಳ್ಳ ಎದ್ದು ನಿಂತ. "ನಿನಗೆ ಹೊಟ್ಟೆಕಿಚ್ಚು ಕಣೋ. ನನಗೆ ಒಂದು ಡೈಲಾಗ್ ಸಿಗೋದು ನಿನಗೆ ಬೇಡ." ಬಾಗಿಲು ಬಡಿದುಕೊಂಡು ಹೋದ. ಇಪ್ಪತ್ತು ವರ್ಷದ ಸ್ನೇಹ! ಮೈಸೂರ್ ಪಾಕು ಮೂರು ದಿನ ಹಾಗೇ ಇತ್ತು. ಇರುವೆ ತಿಂದವು.

ಆದರೂ ಅವನು ದಡ್ಡನಲ್ಲ. ಏಜೆಂಟನಿಗೆ ಮೂರೇ ಪ್ರಶ್ನೆ ಹಾಕಿದನಂತೆ. ಚಿತ್ರದ ಹೆಸರೇನು? ನಿರ್ದೇಶಕರು ಯಾರು? ಕೆಲಸಕ್ಕೆ ಅಲ್ಲಿನ ಸರ್ಕಾರದ ಪರ್ಮಿಟ್ ಯಾರು ಕೊಡುತ್ತಾರೆ? ಆಮೇಲೆ ಆ ನಂಬರಿನಿಂದ ಉಲಿವೇ ಇಲ್ಲ. ಮಾರ್ಚ್ 10 ಮತ್ತು 11ರಂದು ವಾಯುಪಡೆಯ ವಿಮಾನಗಳು ಆ ಕೋಟೆಗಳಿಂದ ಬಿಡುಗಡೆಯಾದ 549 ಭಾರತೀಯರನ್ನು ಊರಿಗೆ ಕರೆತಂದವು. ಆ ಸುದ್ದಿ ಬಂದ ಸಂಜೆ ಕುಳ್ಳ ರೂಮಿಗೆ ಬಂದ. ಏನೂ ಮಾತಾಡಲಿಲ್ಲ. ಇಬ್ಬರೂ ಹೋಗಿ ಬೈಟೂ ಕಾಫಿ ಕುಡಿದೆವು. ಇವತ್ತಿಗೂ ಅವನಿಗೆ ಡೈಲಾಗ್ ಸಿಕ್ಕಿಲ್ಲ. ಅದನ್ನು ಬರೆಯುವಾಗ ನನಗೆ ಖುಷಿಯೇನಿಲ್ಲ.

ನಿಮಗೂ ಇಂಥ ಸಂದೇಶ ಬರಬಹುದು. ವಿದೇಶಾಂಗ ಇಲಾಖೆ 2022ರ ಸೆಪ್ಟೆಂಬರಿನಲ್ಲೇ ಥಾಯ್ಲೆಂಡಿನ ನಕಲಿ ನೌಕರಿಗಳ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನೆನಪಿರಲಿ: ಪ್ರವಾಸಿಯಾಗಿ ಇಳಿದವನು ಅಲ್ಲಿ ದುಡಿಯುವಂತಿಲ್ಲ. ಹೊರದೇಶದ ಕೆಲಸ ಕೊಡಿಸುವ ಏಜೆಂಟ್ ಸಾಚಾ ಹೌದೋ ಅಲ್ಲವೋ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಹಣ ನೀವು ಕೊಡದಿದ್ದರೆ, ಮಾರಾಟವಾಗುತ್ತಿರುವುದು ಏನು ಎಂದು ಒಂದು ಸಲ ಕೇಳಿಕೊಳ್ಳಿ.

ಆದರೂ ಹೋಗಬೇಕು!

ಹಾಗಾದರೆ ಕನಸು ಬಿಟ್ಟೆಯಾ ಎಂದರೆ, ಖಂಡಿತ ಇಲ್ಲ. ಯಾಕೆ ಬಿಡಬೇಕು? ಬೆಂಗಳೂರಿನಿಂದ ಬ್ಯಾಂಕಾಕಿಗೆ ವಿಮಾನದಲ್ಲಿ ನಾಲ್ಕು ಗಂಟೆ ಸಾಕು. ಬಸ್ಸಿನಲ್ಲಿ ನಮ್ಮೂರಿಗೆ ಹೋಗುವಷ್ಟೇ ಹೊತ್ತು! ಗಡಿಯಾರ ಒಂದೂವರೆ ಗಂಟೆ ಮುಂದೆ ತಿರುಗಿಸಿಕೊಂಡರಾಯಿತು. ಇಳಿಯುವ ನಿಲ್ದಾಣದ ಹೆಸರು ಸುವರ್ಣಭೂಮಿ. ಒಳಗೆ ದೇವ ದಾನವರು ಸಮುದ್ರಮಥನ ಮಾಡುತ್ತಿರುವ ದೊಡ್ಡ ಶಿಲ್ಪವಿದೆ. ಹಳೆಯ ರಾಜಧಾನಿ ಅಯುತ್ಥಯಾ, ಅಂದರೆ ನಮ್ಮ ಅಯೋಧ್ಯೆಯ ಹೆಸರೇ. ಈಗಿನ ದೊರೆ ಆ ವಂಶದ 10ನೆಯ ರಾಮ. ಏಪ್ರಿಲ್ 13ರಿಂದ ಬೀದಿಬೀದಿಯಲ್ಲಿ ನೀರೆರಚುವ ಹೊಸವರ್ಷದ ಹಬ್ಬ ಸೋಂಗ್‌ಕ್ರಾನ್. ಅದರ ಮೂಲ ನಮ್ಮ ಸಂಕ್ರಾಂತಿ ಎಂಬ ಮಾತು. ಅಪರಿಚಿತ ದೇಶವೇನಲ್ಲ, ದೂರದ ನೆಂಟರ ಮನೆ ಇದ್ದಂತೆ.

ಲೆಕ್ಕವನ್ನೂ ಹಾಕಿಟ್ಟಿದ್ದೇನೆ. 36 ಪುಟದ ಪಾಸ್‌ಪೋರ್ಟಿಗೆ 1,500 ರೂಪಾಯಿ ಕಟ್ಟಿ ಮಾಡಿಸಿದ್ದಾಯಿತು. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಹೊರಡುವಾಗ ವಿಚಾರಿಸಿಕೊಳ್ಳಬೇಕು. ಒಂದು ಬಹ್ತಿಗೆ ನಮ್ಮ ಎರಡೂವರೆ ರೂಪಾಯಿಗೂ ಹೆಚ್ಚು. ಫುಕೆಟ್, ಫಾಂಗ್ ಙಾ ಕಡೆ ಮೇಯಿಂದ ಅಕ್ಟೋಬರ್‌ವರೆಗೆ ಮಳೆ. ಹೋದರೆ ನವೆಂಬರ್ ಕಳೆದ ಮೇಲೆ. ಪೋಸ್ಟಾಫೀಸಿನಲ್ಲಿ ತಿಂಗಳಿಗೆ 1,000 ರೂಪಾಯಿಯ ಆರ್.ಡಿ. ಶುರು ಮಾಡಿದ್ದೇನೆ. ಐದು ವರ್ಷಕ್ಕೆ ಬಡ್ಡಿ ಸೇರಿ 70,000 ದಾಟುತ್ತದೆ. ಹದಿನೈದು ದಿನ ಆಗದಿದ್ದರೆ ಆರು ದಿನ. ಕುಳ್ಳನೂ ಒಂದು ಪಾಸ್‌ಬುಕ್ ತೆಗೆಸಿದ್ದಾನೆ. ಷೂಟಿಂಗ್ ಇಲ್ಲದ ತಿಂಗಳು ಅವನ ಕಂತು ತಪ್ಪುತ್ತದೆ. ದಂಡದ ಸಮೇತ ಮುಂದಿನ ತಿಂಗಳು ಕಟ್ಟುತ್ತಾನೆ.

ಹೋದ ಮೇಲೆ ಬಾಂಡ್ ಬಂಡೆಯನ್ನು ದೂರದಿಂದಲೇ ನೋಡುತ್ತೇವೆ. ಮಾಯಾ ಕೊಲ್ಲಿಯಲ್ಲಿ ನೀರಿಗಿಳಿಯುವುದಿಲ್ಲ, ಶಾರ್ಕ್ ಮರಿಗಳು ಆಡಿಕೊಂಡಿರಲಿ. ಕಾಂಚನಾಬುರಿಯಲ್ಲಿ ಆ ಹಳಿಯ ಮೇಲೆ ಇಂದಿಗೂ ರೈಲು ಓಡುತ್ತದೆ. ಅದರಲ್ಲಿ ಮೂರನೇ ದರ್ಜೆಯ ಕಿಟಕಿ ಪಕ್ಕ ಕೂತು, ಹೆಸರಿಲ್ಲದೆ ಹೋದ ಆ ಕೂಲಿಗಳನ್ನು ಒಂದು ಗಳಿಗೆ ನೆನೆಯಬೇಕು ಅಂತಿದೆ.

ನಮಗಿಂತ ಮೊದಲೇ ನೀವು ಯಾರಾದರೂ ನಿಮ್ಮ ಸ್ವಂತ ದುಡ್ಡಿನಲ್ಲಿ ಅಲ್ಲಿಗೆ ಹೋದರೆ, ಪತ್ರಿಕೆಯ ವಿಳಾಸಕ್ಕೆ ಒಂದು ಪಿಕ್ಚರ್ ಪೋಸ್ಟ್‌ಕಾರ್ಡ್ ಹಾಕಿ. ಸಮುದ್ರ ಹೇಗಿದೆ ಅಂತ ಬರೆಯಬೇಡಿ, ಅದನ್ನು ನಾವು ನೋಡಿಯಾಗಿದೆ. ದೋಣಿಯವನು ಮಧ್ಯಾಹ್ನ ಏನು ಉಣ್ಣುತ್ತಾನೆ, ಅದನ್ನು ಬರೆಯಿರಿ.