ಸಂಕಟ ಅಂದರೇನು ಸರ್?

ಕಳೆದ ಆಷಾಢದ ಒಂದು ರಾತ್ರಿ ನನ್ನ ಹೆಂಡತಿ ಎದ್ದು ಕೂತು, "ಯಾಕೋ ಸಂಕಟ ಆಗ್ತಿದೆ ರೀ" ಅಂದಳು. ರಾತ್ರಿ ತಿಂದ ಹೀರೇಕಾಯಿ ಬಜ್ಜಿಯದೇ ಕೆಲಸ ಎಂದು ನಾನು ಜೀರಿಗೆ ಕಷಾಯಕ್ಕೆ ನೀರಿಟ್ಟೆ. ಅವಳ ಹಣೆಯ ಬೆವರು ನೋಡಿದ ಮಗ ಒಲೆ ಆರಿಸಿ ಕಾರು ತೆಗೆದ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಮ್ಮನ್ನು ನೋಡಿದವಳು ಮಿಜೋರಾಂನ ಹುಡುಗಿ. ಎಂಬಿಬಿಎಸ್ ಮುಗಿಸಿ ಎಂ.ಡಿ. ಓದುತ್ತಿರುವ ಡಾಕ್ಟರು, ಇಂಥವರಿಗೆ ರೆಸಿಡೆಂಟ್ ಅನ್ನುತ್ತಾರೆ. ತುರ್ತು ಚಿಕಿತ್ಸೆಗೆ ನಮ್ಮ ದೇಶದಲ್ಲಿ ಪ್ರತ್ಯೇಕ ಎಂ.ಡಿ. ಎಂಬ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಮೂರು ವರ್ಷದ ಓದು, ಬಹುಪಾಲು ರೋಗಿಯ ಮಂಚದ ಪಕ್ಕದಲ್ಲೇ. ಪ್ರವೇಶ ಪರೀಕ್ಷೆ ದೇಶಕ್ಕೆಲ್ಲ ಒಂದೇ ಆದ್ದರಿಂದ ಐಜ್ವಾಲಿನವಳು ಮೈಸೂರಿಗೆ ಬಂದಿದ್ದಳು.

"ಎದೆ ನೋವು ಇದೆಯಾ?" ಎಂದು ಕೇಳಿದಳು.

"ಇಲ್ಲಮ್ಮ, ಸಂಕಟ."

ಅವಳ ಪೆನ್ನು ನಿಂತಿತು. ತಿರುಗಿ ಸೀನಿಯರ್ ಡಾಕ್ಟರನ್ನು ಇಂಗ್ಲಿಷಿನಲ್ಲಿ ಕೇಳಿದಳು: "ಸಂಕಟ ಅಂದರೇನು ಸರ್?"

ನಾನಾಗಿದ್ದರೆ ಕೇಳುತ್ತಿರಲಿಲ್ಲ. 1976ರಲ್ಲಿ ರಾಯಚೂರು ಕಡೆಯ ಶಾಖೆಗೆ ಗುಮಾಸ್ತನಾಗಿ ಹೋದಾಗ ರೈತರೊಬ್ಬರು "ಚೀಟಿ ಹೊಳ್ಳಿ ಕೊಡ್ರಿ" ಅಂದರು. ವಾಪಸ್ ಕೊಡಿ ಎಂದು ಅರ್ಥ. ನಾನು ತಲೆಯಾಡಿಸಿ ಚೀಟಿಯನ್ನು ಡ್ರಾಯರಿಗೆ ಹಾಕಿಕೊಂಡೆ! ಹೆಡ್ ಕ್ಯಾಷಿಯರ್ ಊಟದ ಹೊತ್ತಿನಲ್ಲಿ ಒಬ್ಬನನ್ನೇ ಕರೆದು ತಿಳಿಸಿ ಹೇಳಿದರು.

ಈ ಸೀನಿಯರೂ ಹಾಗೆಯೇ. ಕಲಬುರ್ಗಿಯವರು. "ಮೈಸೂರಿನ ಸಂಕಟ ಮೊದಲ ವರ್ಷ ನನಗೂ ಹೊಸದೇ" ಎಂದು ನಕ್ಕರು. ವಯಸ್ಸಾದವರಿಗೆ, ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ಎದೆ ನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಸಂಕಟ, ಬೆವರು, ಏದುಸಿರು ಅಷ್ಟೇ ಕಾಣಬಹುದು ಎಂದರು. ನನ್ನವಳಿಗೆ ಮೂರೂ ಲೆಕ್ಕ ಸರಿಯಾಗಿತ್ತು. "ಅಮ್ಮಾರ, ಯಾವಾಗಿಂದ ಹಿಂಗ ಆಗಲಿಕ್ಕತ್ತದ್ರಿ?" ಎಂದು ಮಾತಾಡಿಸುತ್ತಲೇ ಅವಳ ಕೈಯಲ್ಲೇ ಇಸಿಜಿ ತೆಗೆಸಿದರು. ಬಂದ ಹತ್ತು ನಿಮಿಷದೊಳಗೆ ಅದು ಆಗಬೇಕಂತೆ. ಪಟ್ಟಿಯನ್ನು ಅವಳ ಮುಂದೆಯೇ ಹಿಡಿದು ಸುಮ್ಮನೆ ನಿಂತರು. ನನಗೆ ಜೀವ ಹೋಗುತ್ತಿತ್ತು, ನೀವೇ ಓದಬಾರದೇ ಅನಿಸಿತು. ಅವಳು ಒಂದು ಕಡೆ ಬೆರಳಿಟ್ಟಳು. "ಸರಿ. ಹೃದ್ರೋಗ ವಿಭಾಗಕ್ಕೆ ನೀವೇ ಫೋನ್ ಮಾಡಿ" ಅಂದರು.

ಹೆಂಡತಿಯನ್ನು ಸ್ಟೆಂಟ್ ಹಾಕಲು ಒಳಗೆ ಕರೆದೊಯ್ದ ಮೇಲೆ ನಾನು ಕಾಗದಪತ್ರಕ್ಕಾಗಿ ಅಲ್ಲೇ ನಿಂತಿದ್ದೆ. ಪಕ್ಕದ ಮಂಚದಲ್ಲಿ ಹೋಟೆಲ್ ಕೆಲಸದ ಹುಡುಗನೊಬ್ಬ ಹೊಟ್ಟೆ ಹಿಡಿದು ಮುದುಡಿದ್ದ. ಏನು ಕೇಳಿದರೂ "ಸರ್, ಸರ್" ಅಷ್ಟೇ. ಈ ಹುಡುಗಿ ಮಿಜೋ ಭಾಷೆಯಲ್ಲಿ ಏನೋ ಅಂದದ್ದೇ ತಡ, ಅವನು ಗಳಗಳ ಅತ್ತ. ಸಂಜೆ ಮೆಟ್ಟಿಲಿಂದ ಬಿದ್ದಿದ್ದನಂತೆ, ಕೆಲಸ ಹೋದೀತೆಂದು ಬಾಯಿ ಬಿಟ್ಟಿರಲಿಲ್ಲ. ಸೀನಿಯರ್ ಅವಳಿಂದ "ನೋವು" ಎಂಬುದಕ್ಕೆ ಅವರ ಮಾತನ್ನು ಎರಡು ಸಲ ಹೇಳಿಸಿಕೊಂಡು ತಾವೂ ಹೇಳಿ ನೋಡಿದರು. ಹುಡುಗ ಆ ನೋವಿನಲ್ಲೂ ನಕ್ಕ.

ನಾಲ್ಕನೇ ದಿನ ಡಾಕ್ಟರಮ್ಮ ವಾರ್ಡಿಗೆ ಬಂದಳು, ಕೈಯಲ್ಲಿ ಪುಟ್ಟ ನೋಟ್‌ಬುಕ್. ಸಂಕಟ, ಉಬ್ಬಸ, ತಲೆಸುತ್ತು ಎಲ್ಲ ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಇದ್ದವು. "ಸುಸ್ತು, ನಿಶ್ಶಕ್ತಿ... ಡಿಫರೆನ್ಸ್ ಏನು ಅಜ್ಜಿ?" ಅಂದಳು. ಇವಳು ದಿಂಬಿಗೆ ಒರಗಿ ಶುರುಮಾಡಿದಳು. ನಾನು ಕೆಳಗೆ ಹೋಗಿ, ಸರದಿಯಲ್ಲಿ ನಿಂತು, ಬಿಲ್ ಕಟ್ಟಿ ಬಂದರೂ ಪಾಠ ಮುಗಿದಿರಲಿಲ್ಲ.