ಒಂದು ಸೂಜಿ ಹಾಕ್ಬಿಡಿ ಸಾರ್

ಬರೀ ಮಾತ್ರೆ ಕೊಟ್ಟು ಕಳಿಸುವ ಡಾಕ್ಟರನ್ನು ನಮ್ಮಜ್ಜಿ ಡಾಕ್ಟರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಮಂಡಿನೋವಿರಲಿ, ಸುಸ್ತಿರಲಿ, ಸೊಸೆಯ ಮೇಲಿನ ಸಿಟ್ಟಿಗೆ ಬಂದ ತಲೆನೋವಿರಲಿ, ಸೊಂಟಕ್ಕೊಂದು ಸೂಜಿ ಬಿದ್ದರೇನೇ ಸಮಾಧಾನ. ಹೆಚ್ಚು ಉರಿದರೆ ಔಷಧಿ ಒಳ್ಳೇದು ಅಂತ ಅರ್ಥ.

ಅಜ್ಜಿ ಹೋಗುತ್ತಿದ್ದ ಕ್ಲಿನಿಕ್ಕಿನಲ್ಲಿ ನಮ್ಮ ದೊಡ್ಡಪ್ಪನೇ ಕಾಂಪೌಂಡರ್. ಶಾಲೆ ಬಿಟ್ಟ ಮೇಲೆ ನಾನು ಹೋಗಿ ಕೂರುತ್ತಿದ್ದುದೂ ಅಲ್ಲೇ. ಸೀಮೆಎಣ್ಣೆ ಸ್ಟೌವಿನ ಮೇಲೆ ಸ್ಟೀಲ್ ಡಬ್ಬಿ, ಅದರೊಳಗೆ ಕುದಿಯುವ ನೀರಿನಲ್ಲಿ ಗಾಜಿನ ಸಿರಿಂಜು, ಸೂಜಿಗಳು. ದೊಡ್ಡಪ್ಪ ಇಕ್ಕಳದಲ್ಲಿ ಒಂದನ್ನೆತ್ತಿಟ್ಟು, ಪುಟ್ಟ ಅರದಿಂದ ಆಂಪ್ಯೂಲಿನ ಕತ್ತಿಗೆ ಗೀರಿ, ಟಕ್ಕನೆ ಮುರಿಯುತ್ತಿದ್ದರು. ಮೊಂಡಾದ ಸೂಜಿಯನ್ನು ಕಲ್ಲಿನ ಮೇಲೆ ಮಸೆಯುವುದು, ತೂತು ಕಟ್ಟಿಕೊಂಡರೆ ಸಣ್ಣ ತಂತಿ ತೂರಿಸುವುದು ಅವರ ಮಧ್ಯಾಹ್ನದ ಕೆಲಸ. ಕುದಿಸುವುದು 20 ನಿಮಿಷ ಎಂದು ಹೇಳಿಕೊಟ್ಟಿದ್ದರಂತೆ. ಆದರೆ ಸಂತೆಯ ದಿನ ಬೆಂಚು ತುಂಬಿದರೆ ನೀರಿಗೆ ಅಷ್ಟು ಪುರುಸೊತ್ತು ಎಲ್ಲಿ?

ಈ ಸೂಜಿ-ಸಿರಿಂಜಿಗೆ ಹೆಚ್ಚು ವಯಸ್ಸೇನೂ ಆಗಿಲ್ಲ. 1853ರ ಸುಮಾರಿಗೆ ಫ್ರಾನ್ಸಿನ ಪ್ರವಾಜ್ ಮತ್ತು ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಬೇರೆಬೇರೆಯಾಗಿ ಇದನ್ನು ಬಳಕೆಗೆ ತಂದರು. ಆದರೆ ಜನ ಸೂಜಿಗೆ ಮನಸೋತದ್ದು ಎರಡನೇ ಮಹಾಯುದ್ಧದ ನಂತರ, ಪೆನಿಸಿಲಿನ್ ಬಂದಾಗ. ಸಾಯುತ್ತಿದ್ದವರು ಎದ್ದು ಕೂತರು. ಅಜ್ಜಿಯ ನಂಬಿಕೆಗೆ ಬುನಾದಿಯೇ ಇರಲಿಲ್ಲ ಅನ್ನುವಂತಿಲ್ಲ.

ಈಜಿಪ್ಟಿನಲ್ಲಿ ನಡೆದದ್ದನ್ನು ಓದಿದಾಗ ಆ ಸ್ಟೀಲ್ ಡಬ್ಬಿ ಕಣ್ಮುಂದೆ ಬಂತು. ನೈಲ್ ನದಿಯ ಕಾಲುವೆಗಳಲ್ಲಿ ಒಂದು ಬಗೆಯ ಬಸವನಹುಳು; ಅದರಿಂದ ನೀರಿಗೆ ಬಿದ್ದ ಪರೋಪಜೀವಿ ಹುಳು ಗದ್ದೆಗಿಳಿದ ರೈತರ ಚರ್ಮದೊಳಗೆ ನುಗ್ಗಿ ಬಿಲ್‌ಹಾರ್ಜಿಯಾ ಎಂಬ ರೋಗ ತರುತ್ತಿತ್ತು. 1950ರ ದಶಕದಿಂದ 80ರ ದಶಕದವರೆಗೆ ಸರ್ಕಾರವೇ ಹಳ್ಳಿಹಳ್ಳಿಗೆ ಹೋಗಿ, ಅದಕ್ಕೆ ಮದ್ದೆಂದು ಆಂಟಿಮನಿಯ ಲವಣವೊಂದನ್ನು ರಕ್ತನಾಳಕ್ಕೆ ಚುಚ್ಚಿಸಿತು. ಒಬ್ಬೊಬ್ಬರಿಗೂ ಒಂದಲ್ಲ, ವಾರವಾರವೂ ಚುಚ್ಚುತ್ತ ಒಟ್ಟು ಹತ್ತಾರು. ಸಿರಿಂಜು ಗಾಜಿನವೇ, ಸಾಲು ಉದ್ದ, ಕುದಿಸಿದ್ದು ಅರೆಬರೆ. ಹುಳು ಹೋಯಿತು, ಅದರ ಜಾಗದಲ್ಲಿ ಹೆಪಟೈಟಿಸ್ ಸಿ ಬಂದು ಕೂತಿತು. ಆ ವೈರಸ್ಸಿಗೆ ಆಗ ಹೆಸರೂ ಇರಲಿಲ್ಲ, ಗುರುತು ಸಿಕ್ಕಿದ್ದು 1989ರಲ್ಲಿ. ಅಷ್ಟರಲ್ಲಿ ಸದ್ದಿಲ್ಲದೆ ಲಕ್ಷಾಂತರ ಜನರ ಯಕೃತ್ತು ಸೇರಿತ್ತು. 2018-19ರಲ್ಲಿ ಅದೇ ಸರ್ಕಾರ ಸುಮಾರು 5 ಕೋಟಿ ಜನರನ್ನು ಪರೀಕ್ಷಿಸಿ, ಸೋಂಕಿತರಿಗೆ ಚಿಕಿತ್ಸೆ ಕೊಟ್ಟಿತು. ಈ ಸಲ ಮಾತ್ರೆಯಿಂದ! ಅಜ್ಜಿ ಒಪ್ಪುತ್ತಿರಲಿಲ್ಲ ಬಿಡಿ.

ಆಗ ಗೊತ್ತಿರಲಿಲ್ಲ ಎನ್ನಬಹುದು. ಆದರೆ 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಸೂಜಿಯಿಂದಲೇ ಹರಡಿದ ಹೆಪಟೈಟಿಸ್ ಬಿ ಹಲವರ ಜೀವ ತೆಗೆದಾಗ, 2018ರಲ್ಲಿ ಉತ್ತರಪ್ರದೇಶದ ಬಾಂಗರ್‌ಮವು ಕಡೆ ನಕಲಿ ವೈದ್ಯನೊಬ್ಬನ ಸೂಜಿಯಿಂದ ಎಚ್‌ಐವಿ ಹರಡಿದ ಸುದ್ದಿ ಬಂದಾಗ, ಗೊತ್ತಿಲ್ಲದ್ದು ಏನಿತ್ತು? ಪ್ಲಾಸ್ಟಿಕ್ ಸಿರಿಂಜು ಬಂದು ಎಷ್ಟೋ ಕಾಲವಾಗಿತ್ತು. ಸೂಜಿಯನ್ನಷ್ಟೇ ಬದಲಿಸಿ ಅದೇ ಸಿರಿಂಜಿನಲ್ಲಿ ಹತ್ತು ಜನಕ್ಕೆ ಕೊಡುವ ಜಾಣರಿದ್ದಾರೆ. ಹಿಂದಿನವನ ರಕ್ತದ ಕಣ್ಣಿಗೆ ಕಾಣದ ಹನಿ ಕೊಳವೆಯೊಳಗೇ ಉಳಿದಿರುತ್ತದೆ. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೂ ಏಳು ದಿನ ಬದುಕಬಲ್ಲದು. ಒಮ್ಮೆ ಒತ್ತಿದರೆ ಮತ್ತೆ ಎಳೆಯಲಾಗದಂತೆ ಬೀಗ ಬೀಳುವ ಸಿರಿಂಜು ನಮ್ಮ ಸರ್ಕಾರಿ ಲಸಿಕೆ ಕಾರ್ಯಕ್ರಮಕ್ಕೇನೋ ಬಂದಿದೆ. ಗಲ್ಲಿ ಕ್ಲಿನಿಕ್ಕುಗಳ ಮಾತು ಬೇರೆ.

ಡಾಕ್ಟರಾಗಿರುವ ಗೆಳೆಯನೊಬ್ಬನ ಮುಂದೆ ಇದನ್ನೆಲ್ಲ ಜೋರಾಗಿ ಒಪ್ಪಿಸಿದೆ. ವೈರಲ್ ಜ್ವರಕ್ಕೆ ಯಾಕಯ್ಯಾ ಸೂಜಿ, ಇಲ್ಲ ಅಂದುಬಿಡು ಅಂದೆ. ಅವನು ಪ್ಯಾಕೆಟ್ ಹರಿದು ಹೊಸ ಸಿರಿಂಜು ತೆಗೆಯುತ್ತಲೇ ಹೇಳಿದ: "ನಾನು ಇಲ್ಲ ಅಂದ್ರೆ ಪಕ್ಕದ ಬೀದಿಗೆ ಹೋಗ್ತಾರೆ ಮಾರಾಯ. ಅಲ್ಲಿ ಇದು ಹೊಸದಿರುತ್ತೆ ಅಂತ ನೀನು ಗ್ಯಾರಂಟಿ ಕೊಡ್ತೀಯಾ?"